ಹದಿನಾರನೇ ತಾರೀಕಿನ ಕಬ್ಬಿಣ

ಲೂಷಸ್ ಪೆಟ್ವೇ ನನ್ನ ಸೈಲೆನ್ಸರ್ ಅಂಗಡಿಗೆ ಬಂದರೆ ನನ್ನ ಮುಖ ನೋಡುತ್ತಿರಲಿಲ್ಲ. ನೇರ ಹಿಂದಿನ ಮೂಲೆಗೆ ಹೋಗಿ, ಗುಡ್ಡೆ ಬಿದ್ದ ಹಳೇ ಮ್ಯಾನಿಫೋಲ್ಡ್‌ಗಳನ್ನು ಒಂದೊಂದಾಗಿ ಮಗುಚಿ, ಬೆನ್ನಿನ ಮೇಲಿನ ಅಂಕಿ ಓದಿ, ಕೆಳಗಿಟ್ಟು, ಆಮೇಲೆ ಕಾಫಿ ಕೇಳುತ್ತಿದ್ದ. ಇಪ್ಪತ್ತು ವರ್ಷ ಇದೇ ಕಸುಬು. ಮುದುಕನಿಗೆ ಹಳೇ ಕಸುಬಿನ ಹುಚ್ಚು ಎಂದು ನಾನು ನಕ್ಕಿದ್ದೇ ನಕ್ಕಿದ್ದು. ಆ ನಗು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮಿಶಿಗನ್ನಿನ ನಮ್ಮೂರಲ್ಲಿ ಎರಕದ ಕಾರ್ಖಾನೆಯೊಂದಿತ್ತು. ಎಂಜಿನ್ನಿನ ಪಕ್ಕಕ್ಕೆ ಕೂತು ಹೊಗೆಯನ್ನೆಲ್ಲ ಒಟ್ಟು ಮಾಡಿ ಪೈಪಿಗೆ ದಾಟಿಸುವ ಆ ದಪ್ಪ ಕಬ್ಬಿಣದ ಮ್ಯಾನಿಫೋಲ್ಡ್‌ಗಳು ಅಲ್ಲೇ ಹುಟ್ಟುತ್ತಿದ್ದವು. ಬಿಳಿಯರಿಗೆ ಗಾಳಿ ಬೆಳಕಿನ ಕೆಲಸ, ಕುಲುಮೆಯ ಬಾಯಿಗೆ ಕರಿಯರು. ಹೀಗೆಂದು ಎಲ್ಲೂ ಬರೆದಿರಲಿಲ್ಲ, ಆದರೆ ತಪ್ಪುತ್ತಲೂ ಇರಲಿಲ್ಲ. ನಮ್ಮಪ್ಪ ಅಲ್ಲಿ ಮೇಸ್ತ್ರಿ. ಅಲಬಾಮಾದಿಂದ ಬಂದ ಲೂಷಸ್ ಮತ್ತು ಅವನ ಅಣ್ಣ ಓಜೆಲ್ ಕುಲುಮೆಯ ಹತ್ತಿರ. ದಿನಾ ಬೆಳಿಗ್ಗೆ ಅಚ್ಚಿನಲ್ಲಿ ತಾರೀಕಿನ ಬಿಲ್ಲೆ ಬದಲಾಯಿಸುವುದು ಲೂಷಸ್‌ನ ಪಾಲಿಗೆ ಬಂದ ಕೆಲಸ. ತಿಂಗಳಿಗೊಂದು ಅಕ್ಷರ (ಜನವರಿಗೆ ಎ, ಫೆಬ್ರವರಿಗೆ ಬಿ), ದಿನ, ವರ್ಷದ ಕೊನೆಯ ಅಂಕಿ.

ಅವನು ಹುಡುಕುತ್ತಿದ್ದದ್ದು ಒಂದೇ ತಾರೀಕು. ನನಗೆ ಅದು ತಿಳಿದದ್ದು ಎಲ್ಲ ಕೈಮೀರಿದ ಮೇಲೆ, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಸಾವಿರದ ಒಂಬೈನೂರ ಅರವತ್ತೊಂಬತ್ತರ ಫೆಬ್ರವರಿ ಹದಿನಾರು, ಭಾನುವಾರ. ಮಾಲು ಕಡಿಮೆ ಬಿತ್ತೆಂದು ಈ ಅಣ್ಣತಮ್ಮಂದಿರೂ ಸೇರಿ ಎಂಟು ಜನರನ್ನು ಗುಟ್ಟಾಗಿ ಕರೆಸಿ ಕುಲುಮೆ ಹೊತ್ತಿಸಿದ್ದರು. ಮಧ್ಯಾಹ್ನ ಕರಗಿದ ಕಬ್ಬಿಣ ಚೆಲ್ಲಿ ಓಜೆಲ್ ಸತ್ತ. ಕಾರ್ಖಾನೆಯವರು ಭಾನುವಾರ ಬಾಗಿಲೇ ತೆಗೆದಿರಲಿಲ್ಲ, ಆ ಮನುಷ್ಯ ಹಿತ್ತಾಳೆ ಕದಿಯಲು ನುಗ್ಗಿ ಬಿದ್ದು ಸತ್ತ ಎಂದರು. ಬಾಕಿ ಆರು ಜನ ಹೊಟ್ಟೆಪಾಡಿಗೆ ಹೆದರಿ ಬಾಯಿ ಮುಚ್ಚಿದರು. ಒಡಹುಟ್ಟಿದ ತಮ್ಮನ ಮಾತನ್ನು ಯಾರು ನಂಬುತ್ತಾರೆ? ಓಜೆಲ್‌ನ ಹೆಂಡತಿ ವರ್ಲೀನ್ ನಲವತ್ತಮೂರು ವರ್ಷ ಕಳ್ಳನ ಹೆಂಡತಿಯಾಗಿ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಳು. ಆ ಬೆಳಿಗ್ಗೆ ಬಿಲ್ಲೆ ಬದಲಾಯಿಸಿದ್ದು ತಾನೇ ಎಂದು ಲೂಷಸ್‌ಗೆ ಗೊತ್ತಿತ್ತು. ಎಲ್ಲೋ ಒಂದು ಕಾರಿನಲ್ಲಿ ಆ ದಿನದ ಕಬ್ಬಿಣ ಇನ್ನೂ ಇರಬೇಕು, ಅದನ್ನು ತಂದು ಅತ್ತಿಗೆಯ ಮಡಿಲಲ್ಲಿ ಇಡಬೇಕು. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ನನ್ನ ಹತ್ತಿರ ಅರವತ್ತೊಂಬತ್ತರದೇ ಒಂದು ಹಸಿರು ಮಸಲ್ ಕಾರು, ದೊಡ್ಡ ಎಂಜಿನ್ನಿನ ಓಟದ ಗಾಡಿ, ಇತ್ತು. ಹನ್ನೊಂದು ವರ್ಷ ಕೂತು ಜೋಡಿಸಿದ್ದು. ಅದರ ಬಗ್ಗೆ ನಮ್ಮಿಬ್ಬರ ಜಗಳ ಅಂಗಡಿಗೆಲ್ಲ ತಮಾಷೆಯಾಗಿತ್ತು. ಲೂಷಸ್ ಹೆಡರ್ ಹಾಕು ಅನ್ನುವವನು. ಹೆಡರ್ ಎಂದರೆ ತೆಳು ಉಕ್ಕಿನ ಬಗ್ಗಿಸಿದ ಕೊಳವೆಗಳ ಗೊಂಚಲು.

"ಆ ಹಂದಿಯಂಥ ಕಬ್ಬಿಣ ಬಿಚ್ಚಿ ಬಿಸಾಕೋ ಗಾರ್ತ್. ಹೆಡರ್ ಹಾಕಿದ್ರೆ ಎಂಜಿನ್ ಉಸಿರಾಡುತ್ತೆ. ಈಗ ಮೂಗು ಕಟ್ಕೊಂಡು ಓಡ್ತಾ ಇದೆ ಪಾಪ."

"ನೀನೇ ಎರಕ ಹುಯ್ದವನು, ನೀನೇ ಬಿಸಾಕು ಅಂತೀಯಲ್ಲಯ್ಯ! ನಾಚಿಕೆ ಆಗಲ್ವಾ? ಹೆಡರ್ ಎರಡು ವರ್ಷಕ್ಕೆ ತುಕ್ಕು ಹಿಡಿಯುತ್ತೆ, ಗ್ಯಾಸ್ಕೆಟ್ ಸೋರುತ್ತೆ, ಕಾಲು ಸುಡುತ್ತೆ. ಮೇಲಾಗಿ ಹಳೇ ಕಾರುಗಳ ಪ್ರದರ್ಶನದಲ್ಲಿ ಅಸಲಿ ಮ್ಯಾನಿಫೋಲ್ಡ್‌ಗೇ ಅಂಕ ಕೊಡೋದು."

"ಹಾಕಬೇಡ ಬಿಡು, ಬಿಚ್ಚಿ ಒಂದ್ಸಲ ನೋಡೋಣ."

"ಬೋಲ್ಟ್ ಮುರಿದ್ರೆ ನೀನು ಕೊಡಿಸ್ತೀಯಾ?"

"ಹೋಗ್ಲಿ, ಬೆನ್ನ ಮೇಲಿನ ಬಣ್ಣ ಚೂರು ಕೆರೀಲಾ?"

"ಮುಟ್ಟಿದ್ರೆ ಕೈ ಮುರೀತೀನಿ!"

ಅವನು ಕೈ ಹಿಂದೆ ತೆಗೆದುಕೊಂಡು ನಗುತ್ತಿದ್ದ. ವಿಷಯ ಇದು ಎಂದು ಬಾಯಿ ಬಿಟ್ಟು ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಆ ಭಾನುವಾರ ಗೇಟಿಗೆ ತಾನೇ ಬೀಗ ಹಾಕಿದ್ದಾಗಿ ಅಂದು ವಿಚಾರಣೆಯಲ್ಲಿ ಸಾಕ್ಷಿ ಹೇಳಿದ್ದವನು ನಮ್ಮಪ್ಪ. ಅವನ ಮಗನ ಮುಂದೆ ಲೂಷಸ್ ಯಾವ ಬಾಯಲ್ಲಿ ಹೇಳುತ್ತಾನೆ?

ಎರಡು ಸಾವಿರದ ಹನ್ನೆರಡರ ಜುಲೈನಲ್ಲಿ ಕಾರನ್ನು ಪ್ರದರ್ಶನಕ್ಕೆ ಒಯ್ದೆ. ತೀರ್ಪುಗಾರ ಕಡ್ಡಿಗೆ ಕಟ್ಟಿದ ಕನ್ನಡಿ, ಟಾರ್ಚು, ದಪ್ಪ ಪುಸ್ತಕ ಹಿಡಿದು ಬಾನೆಟ್ಟಿನೊಳಗೆ ತೂರಿದ. ಎಡಗಡೆಯ ಮ್ಯಾನಿಫೋಲ್ಡಿನ ಹತ್ತಿರ ಬಹಳ ಹೊತ್ತು ನಿಂತ. ಹಿಂದಿನ ಬಣ್ಣವನ್ನು ಉಗುರಿನಲ್ಲಿ ಕೆರೆದ. ಲೂಷಸ್‌ಗೆ ಬೇಡವೆಂದದ್ದನ್ನು ಇವನು ಕೇಳದೆಯೇ ಮಾಡಿದ, ನಾನು ಕೈ ಕಟ್ಟಿ ನಿಂತಿದ್ದೆ.

"ಬಿ ಹದಿನಾರು ಒಂಬತ್ತು. ಅವತ್ತು ಭಾನುವಾರ ಸ್ವಾಮಿ. ಆ ಕಾರ್ಖಾನೆ ಆ ವರ್ಷ ಒಂದು ಭಾನುವಾರನೂ ನಡೆದಿಲ್ಲ. ಯಾರೋ ನಿಮಗೆ ನಕಲಿ ಮಾಲು ತಗುಲಿಸಿದಾರೆ."

ಹತ್ತು ಅಂಕ ಹೋಯಿತು, ಬಹುಮಾನವೂ ಹೋಯಿತು. ಮೈಯೆಲ್ಲ ಉರಿದುಹೋಯಿತು. ಮುಂದಿನ ತಿಂಗಳು ಇನ್ನೊಂದು ಪ್ರದರ್ಶನವಿತ್ತು. ತಾರೀಕು ತಪ್ಪಿದ್ದರೆ ಹತ್ತು ಅಂಕ ಕಳೆಯುತ್ತಾರೆ, ಸವೆದು ಕಾಣದಿದ್ದರೆ ನಾಲ್ಕೇ. ನಮ್ಮಂಥ ಕಾರಿನ ಹುಚ್ಚರಿಗೆ ಮಾತ್ರ ಬರುವ ಲೆಕ್ಕ ಇದು. ಎರಡು ಬೋಲ್ಟ್ ಮುರಿದು ಅದನ್ನು ಬಿಚ್ಚಿದೆ, ಬೆಂಚಿಗೆ ಬಿಗಿದೆ, ಗ್ರೈಂಡರ್ ಹಿಡಿದೆ. ಅಂಕಿ ಉಜ್ಜಿ ಅಳಿಸಲು ಹತ್ತು ನಿಮಿಷ ಹಿಡಿಯಲಿಲ್ಲ.

ಇನ್ನೂ ಬಿಸಿಯಿರುವಾಗಲೇ ಲೂಷಸ್ ಬಂದ. ಕಬ್ಬಿಣ ಬೆಂಚಿನ ಮೇಲಿರುವುದು ಕಂಡು ಅವನ ಮುಖ ಅರಳಿತು.

"ಅಂತೂ ಬಿಚ್ಚಿದೆಯಾ ಮಾರಾಯ!"

"ನೀನೇ ಗೆದ್ದೆ ಕಣಯ್ಯ. ನಕಲಿಯಂತೆ! ಅದನ್ನ ಮಾಡಿದ ದಡ್ಡನಿಗೆ ಕ್ಯಾಲೆಂಡರ್ ನೋಡೋಕೂ ಬಂದಿಲ್ಲ. ಭಾನುವಾರದ ತಾರೀಕು ಹಾಕಿದಾನೆ."

ಲೂಷಸ್ ನಗಲಿಲ್ಲ. ಉಜ್ಜಿದ ಜಾಗದ ಮೇಲೆ ಹೆಬ್ಬೆರಳಿಟ್ಟ.

"ಏನಿತ್ತು ಇಲ್ಲಿ?"

"ಬಿ ಹದಿನಾರು ಒಂಬತ್ತು."

ಅವನು ಎಣ್ಣೆ ಡಬ್ಬದ ಮೇಲೆ ಕುಸಿದು ಕೂತ. ಆಮೇಲೆ ಎಲ್ಲ ಹೇಳಿದ. ಕುಲುಮೆ, ಓಜೆಲ್, ವರ್ಲೀನ್, ನಮ್ಮಪ್ಪನ ಸಾಕ್ಷಿ. ದನಿ ಏರಿಸಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ತೀರ್ಪುಗಾರ ಬರೆದ ಚೀಟಿ ಇದೆ ಲೂಷಸ್! ಅದರಲ್ಲಿ ತಾರೀಕು ಇದೆ!" ಎಂದು ಜೇಬು ತಡಕಿ ತೆಗೆದುಕೊಟ್ಟೆ.

ಅವನು ಕನ್ನಡಕ ಏರಿಸಿ ಓದಿದ. "ಭಾನುವಾರ ಕಾರ್ಖಾನೆ ಮುಚ್ಚಿತ್ತು, ಮಾಲು ನಕಲಿ ಅಂತ ಬರೆದಿದಾನೆ. ಇದನ್ನ ವರ್ಲೀನ್‌ಗೆ ಕೊಡ್ಲಾ?"

ನಾನು ಚೀಟಿ ಇಸಿದುಕೊಂಡು ಮಡಚಿ ಜೇಬಿಗೆ ಹಾಕಿದೆ.

"ಒಂದು ಕೆಲಸ ಮಾಡು," ಎಂದ. "ನೀನು ನನ್ನ ಜೊತೆ ಅವಳ ಮನೆಗೆ ಬಾ. ಆ ಮೇಸ್ತ್ರಿಯ ಮಗ ನಾನು, ಆ ತಾರೀಕನ್ನ ನನ್ನ ಕಣ್ಣಾರೆ ಓದಿದೀನಿ ಅಂತ ಹೇಳು. ಅವಳಿಗೆ ಅಷ್ಟು ಸಾಕು. ಬೇರೆ ಯಾರಿಗೂ ಹೇಳೋದು ಬೇಡ."

"ನಾಳೆ ಬರ್ತೀನಿ" ಎಂದೆ.

ಮಾರನೆಯ ದಿನ ವೃದ್ಧಾಶ್ರಮಕ್ಕೆ ಹೋದೆ. ತೊಂಬತ್ತರ ಅಪ್ಪ ಕಿಟಕಿಯ ಹತ್ತಿರ ಕೂತಿದ್ದ. "ಆ ಭಾನುವಾರ ಗೇಟಿಗೆ ನಿಜವಾಗಿ ಬೀಗ ಹಾಕಿದ್ಯಾ ಅಪ್ಪಾ?" ಎಂದೆ. ಅವನು ನನ್ನನ್ನು ನೋಡಲಿಲ್ಲ. "ಬೀಗ ಹಾಕಿದ್ದಕ್ಕೇ ನೀನು ಹೊಟ್ಟೆ ತುಂಬ ಉಂಡಿದ್ದು" ಎಂದ. ನಾನು ವರ್ಲೀನ್ ಮನೆಗೆ ಹೋಗದೆ ಅಂಗಡಿಗೆ ಮರಳಿದೆ. ಅಪ್ಪ ಸುಳ್ಳುಗಾರ ಎಂದು ಇನ್ನೊಬ್ಬರ ಮನೆಯಲ್ಲಿ ಕೂತು ಹೇಳುವುದು ಹೇಗೆ? ಅವನು ಕಾಲವಾಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಲೂಷಸ್ ಎರಡು ಸಲ ಫೋನ್ ಮಾಡಿದ. ನಾನು ಎತ್ತಲಿಲ್ಲ.

ಅಪ್ಪ ಇನ್ನೂ ಮೂರು ವರ್ಷ ಬದುಕಿದ. ವರ್ಲೀನ್ ಮಾತ್ರ ಆ ಹನ್ನೆರಡರ ಅಕ್ಟೋಬರಿನಲ್ಲೇ ತೀರಿಹೋದಳು. ಅಂತ್ಯಕ್ರಿಯೆಗೆ ಚರ್ಚಿಗೆ ಹೋಗುವ ಮುಖವಿರಲಿಲ್ಲ, ಹೂವು ಕಳಿಸಿದೆ. ಸಂಜೆಯೊಳಗೆ ಲೂಷಸ್ ಅದನ್ನು ತಂದು ನನ್ನ ಅಂಗಡಿಯ ಬಾಗಿಲಲ್ಲಿಟ್ಟು, ಒಳಗೆ ಬಾರದೆ ಹೊರಟುಹೋದ.