ಹತ್ತರ ಗೆರೆ

ನಮ್ಮ ಕೆಂಟಕಿಯ ಈ ಪುಟ್ಟ ಊರಲ್ಲಿ ಅಡುಗೆ ಅಂದ್ರೆ ನೋರೀನ್. ಮೂವತ್ತು ವರ್ಷ ಶಾಲೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದವಳು. ಚರ್ಚಿನಲ್ಲಿ ಯಾರು ತೀರಿಕೊಂಡರೂ ಊಟದ ಜವಾಬ್ದಾರಿ ಅವಳದೇ. ಒಂದು ದಿನಕ್ಕೂ ಅಳತೆ ಲೋಟ ಮುಟ್ಟಿದವಳಲ್ಲ, ಎಲ್ಲಾ ಕಣ್ಣಂದಾಜು. ಆ ಜಂಬವೇ ಅವಳನ್ನು ಹಾಳುಮಾಡಿತು ಅಂತ ನಾನು ಮುಲಾಜಿಲ್ಲದೆ ಹೇಳ್ತೀನಿ.

ತೂಕ ಇಳಿಸೋ ಇಂಜೆಕ್ಷನ್ ಅವಳು ಮೊದಲು ತಗೊಂಡಿದ್ದು ದೊಡ್ಡ ಕಂಪನಿಯ ಪೆನ್ನಿನಂಥ ಸಿರಿಂಜಿನಲ್ಲಿ. ಹೊಟ್ಟೆಗೆ ಒತ್ತಿದರೆ ಒಂದು ಸಲಕ್ಕೆ ಬೇಕಾದಷ್ಟೇ ಒಳಗೆ ಹೋಗುತ್ತೆ, ತಲೆ ಓಡಿಸೋ ಕೆಲಸವೇ ಇಲ್ಲ. ವಿಮೆಯವರು ಕೈಯೆತ್ತಿದ ಮೇಲೆ, ಔಷಧಿ ಅಂಗಡಿಯವರೇ ಬೆರೆಸಿ ಕಳಿಸೋ ಅದೇ ಮದ್ದಿನ ಸೀಸೆ ತರಿಸಿದಳು. ಬೆಲೆ ಕಾಲುಭಾಗ. ಸಿರಿಂಜಿನಲ್ಲಿ ನಾವೇ ಅಳೆದು ಎಳೆದುಕೋಬೇಕು ಅಷ್ಟೇ. ಹತ್ತರ ಗೆರೆವರೆಗೆ ಅಂತ ಅಂಗಡಿಯವರು ಅಂದಿದ್ದರು. ಹಾಗೇ ಎಳೆದಳು, ಇಪ್ಪತ್ತು ಪೌಂಡ್ ಇಳಿದಳು.

ಪಕ್ಕದ ಬೀದಿಯ ಓಪಲ್ ಅವಳ ನಲವತ್ತು ವರ್ಷದ ಗೆಳತಿ. ಮಂಡಿನೋವಿಗೆ ಮೆಟ್ಟಿಲು ಹತ್ತಲಾರಳು. ನೀನೊಬ್ಬಳೇ ಚೆಂದ ಆಗ್ತೀಯಾ, ನಂಗೂ ಕೊಡೇ ಅಂತ ಗಂಟುಬಿದ್ದಳು. ನಮ್ಮ ಚರ್ಚಿನ ಹೆಂಗಸರೇ ಹಾಗೆ, ಕೇಕಿನಿಂದ ಹಿಡಿದು ಬಿಪಿ ಮಾತ್ರೆವರೆಗೆ ಹಂಚಿಕೊಂಡೇ ತಿನ್ನೋದು. ನೋರೀನ್‌ಳ ಹಳೇ ಸೀಸೆ ಇನ್ನೂ ಮುಗಿದಿರಲಿಲ್ಲ. ಹೊಸದಾಗಿ ಬಂದ ಎರಡರಲ್ಲಿ ಒಂದನ್ನು ಓಪಲ್ ಕೈಗಿಟ್ಟಳು.

"ಹತ್ತರ ಗೆರೆ ಕಣೇ. ಕಣ್ಮುಚ್ಕೊಂಡು ಎಳ್ಕೋ."

ಓಪಲ್ ಐದು ದಿನ ವಾಂತಿ ಮಾಡಿಕೊಂಡಳು. ಶುರುವಿನಲ್ಲಿ ನಂಗೂ ಹಿಂಗೇ ಆಗಿತ್ತು ಅಂತ ನೋರೀನ್ ಪಕ್ಕದಲ್ಲೇ ಕೂತು ಧೈರ್ಯ ಹೇಳಿದಳು. ಓಪಲ್‌ಳ ಮೊದಲೇ ಸೋತಿದ್ದ ಕಿಡ್ನಿ ಕೈಕೊಟ್ಟಿತು. ಗೆಳತಿಗೆ ತೊಂದರೆಯಾದೀತು ಅಂತ ಓಪಲ್ ಆಸ್ಪತ್ರೆಯಲ್ಲೂ ಬಾಯಿಬಿಡಲಿಲ್ಲ. ಹೊಟ್ಟೆಯ ಸೋಂಕು ಅಂದುಕೊಂಡೇ ಮಣ್ಣುಮಾಡಿದರು. ಆ ದಿನದ ಊಟವನ್ನೂ ನೋರೀನ್‌ಳೇ ಮಾಡಿದಳು.

ಅದೇ ವಾರ ತನ್ನ ಪಾಲಿನ ಹೊಸ ಸೀಸೆ ತೆಗೆದು, ಯಾಕೋ ಅದರ ಮೇಲಿನ ಚೀಟಿ ಓದಿದಳು. ಈ ಸಲದ್ದು ಬೇರೆ ಅಂಗಡಿಯದು, ಹಳೆಯದಕ್ಕಿಂತ ನಾಲ್ಕು ಪಟ್ಟು ಗಟ್ಟಿ. ಹತ್ತರ ಬದಲು ಎರಡೂವರೆವರೆಗೆ ಎಳೆದಿದ್ದರೆ ಸಾಕಿತ್ತು.

ಅವತ್ತಿನಿಂದ ಸತ್ತ ಓಪಲ್ ನೋರೀನ್‌ಳ ಅಡುಗೆಮನೆ ಬಿಟ್ಟು ಹೋಗಲಿಲ್ಲ. ಬೆಳಗ್ಗೆ ಕಾಫಿಗೆ ನೀರಿಟ್ಟರೆ ಕಿಟಕಿ ಹತ್ತಿರ ನಿಂತಿರುತ್ತಾಳೆ, ಸಿರಿಂಜನ್ನು ಬೆಳಕಿಗೆ ಹಿಡಿದುಕೊಂಡು, ಹತ್ತು ತಾನೇ ಅಂತ ಕೇಳುತ್ತಾಳೆ. ಕೋಪವಿಲ್ಲ, ನಂಬಿಕೆಯಿಂದ ಕೇಳುತ್ತಾಳೆ. ನೋರೀನ್ ಊಟ ಬಿಟ್ಟಳು. ಓಪಲ್ ಮಗಳು ಟ್ರಿನಾಗೆ ಹೇಳಿಬಿಡಬೇಕು ಅಂತ ದಿನಾ ಫೋನ್ ಎತ್ತೋದು, ಇಡೋದು. ಹೇಳಿದರೆ ತನ್ನ ಕೈಯಡುಗೆ ಈ ಊರಲ್ಲಿ ಇನ್ಯಾರು ಮುಟ್ಟುತ್ತಾರೆ ಅನ್ನೋ ಭಯ. ಥೂ, ಅದೂ ಒಂದು ಭಯವೇ?

ಮೂರು ವಾರದ ಮೇಲೆ ಟ್ರಿನಾ ತಾನೇ ಬಂದಳು. ಸಾವಿನ ಮನೆಗೆ ಊಟ ಬಂದ ಪಾತ್ರೆಗಳನ್ನು ತೊಳೆದು ವಾಪಸ್ ಕೊಡೋದು ನಮ್ಮಲ್ಲಿ ಪದ್ಧತಿ. ನೋರೀನ್‌ಳ ಗಾಜಿನ ಟ್ರೇ ಮೇಜಿನ ಮೇಲಿಟ್ಟು, ಹೊಟ್ಟೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತಳು.

"ಆಂಟಿ, ಅಮ್ಮನ ಫ್ರಿಜ್ಜಲ್ಲಿ ನಿಮ್ಮ ಹೆಸರಿನ ಸೀಸೆ ಇತ್ತು. ಹಾಳಾಗ್ಬಾರ್ದು ಅಂತ ಬೆಳಗ್ಗೆ ನಾನೇ ತಗೊಂಡೆ. ಹತ್ತು ಅಂತ ಅಮ್ಮ ಬರ್ದಿಟ್ಟಿದ್ಲು. ಹಿಂಗೆ ಸಂಕಟ ಆಗೋದು ಮಾಮೂಲಾ?"

ನೋರೀನ್ ಒಲೆ ಆರಿಸಿದಳು. ಟ್ರಿನಾಳನ್ನು ಎಬ್ಬಿಸಿ ಕಾರಿಗೆ ಕೂರಿಸಿದಳು. ಆಸ್ಪತ್ರೆಯ ದಾರಿಯಲ್ಲಿ, ರಸ್ತೆಯಿಂದ ಕಣ್ಣು ಕೀಳದೆ, ಒಂದೂ ಬಿಡದೆ ಎಲ್ಲಾ ಹೇಳಿದಳು. ಟ್ರಿನಾ ನಾಲ್ಕು ದಿನ ಡ್ರಿಪ್ ಹಾಕಿಸಿಕೊಂಡು ಉಳಿದಳು, ಅದೊಂದು ಪುಣ್ಯ. ಆದರೆ ಆಗ ಕಾರಿನಲ್ಲಿ ಅವಳು ಅಳಲಿಲ್ಲ, ಕೂಗಾಡಲಿಲ್ಲ.

"ಯಾವಾಗ ಗೊತ್ತಾಯ್ತು ನಿಮಗೆ?"

"ಮಣ್ಣುಮಾಡಿದ ವಾರವೇ."

ಟ್ರಿನಾ ನೋರೀನ್ ಕಡೆ ತಿರುಗಿದಳು.

"ಅಮ್ಮಂದು ಗೊತ್ತಿಲ್ದೆ ಆಗಿದ್ದು," ಅಂದಳು. "ನಂದು?"