ನಾವು ಎರಿಟರ್ ತಂದದ್ದು

ನಿನ್ನೆ ಮಧ್ಯಾಹ್ನ ಶಿಗ್ಗಾಂವಿ ಕಡೆಯ ಒಬ್ಬ ಮಾಸ್ತರರು ಹತ್ತಿಮತ್ತೂರಿನ ನಮ್ಮ ಮನೆಗೆ ಬಂದರು. ಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, ಮೊಬೈಲ್ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. ಅದರಲ್ಲಿ ಒಂದು ಯಂತ್ರದ ಚಿತ್ರವಿತ್ತು. ಟ್ರ್ಯಾಕ್ಟರಿನ ಬೆನ್ನಿಗೆ ಕಟ್ಟುವ ಕಬ್ಬಿಣದ ಉರುಳೆ, ಮೈತುಂಬ ಮುಳ್ಳು.

"ಅವ್ವಾರ, ಮನಿ ಮುಂದ ಹುಲ್ಲು ಹಾಕಿಸೇನಿ. ನೆಲ ಗಟ್ಟಿಯಾಗೇತಿ. ಇದನ್ನ ತಗೋಬೇಕಂತ ಮಾಡೇನಿ, ಸೋವಿ ಐತಿ. ನಿಮಗ ಇದರಾಗ ಭಾಳ ತಿಳೀತೈತಂತ ಅಕ್ಕಿಆಲೂರಾಗ ಹೇಳಿದ್ರು" ಎಂದರು.

ಮೂರನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವಳ ಹತ್ತಿರ ಮಾಸ್ತರರೇ ಸಲಹೆ ಕೇಳುವ ಕಾಲ ಬಂತಲ್ಲ! ಸುಳ್ಳೇಕೆ ಹೇಳಲಿ, ನಾನು ಸ್ವಲ್ಪ ಉಬ್ಬಿದೆ. ಆದರೆ ಆ ಮುಳ್ಳಿನ ಉರುಳೆಯನ್ನು ನೋಡುತ್ತಿದ್ದಂತೆ ನಗುವೇ ಬಂದುಬಿಟ್ಟಿತು. ಮೂರು ವರ್ಷದ ಹಿಂದೆ ಇದೇ ಚಿತ್ರವನ್ನು ನನ್ನ ಮಗ ಮಂಜುನಾಥ ಎದೆಗೆ ಅವಚಿಕೊಂಡು ತಿರುಗಿದ್ದ.

ನಿಮಗೆ ಮೊದಲಿನಿಂದ ಹೇಳಬೇಕು. ನಾನು ಹುಲ್ಲು ಕಿತ್ತು ಮುದುಕಿಯಾದವಳು. ಹತ್ತು ವರ್ಷದವಳಿದ್ದಾಗ ಖುರ್ಪಿ ಹಿಡಿದು ಕೂಲಿಗೆ ಹೋದೆ. ಮಂದಿಯ ಹೊಲದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಮುಂದಕ್ಕೆ ಸರಿಯುತ್ತ ಸರಿಯುತ್ತ ಮೂವತ್ತು ವರ್ಷ ಕಳೆದೆ. ಒಂದು ಎಳೆ ಕರಿಕೆ ಹುಲ್ಲು ಹಿಂದೆ ಉಳಿದರೆ ಹೊಲದ ಯಜಮಾನ ಬದುವಿನ ಮೇಲಿಂದ, "ಏ, ಅದನ್ನೇನು ನಿನ್ನ ಮದಿವಿಗೆ ಬಿಟ್ಟೀಯೇನ?" ಎಂದು ಕೂಗುತ್ತಿದ್ದ. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗ ಹುಬ್ಬಳ್ಳಿಯಿಂದ ರೊಕ್ಕ ಕೊಟ್ಟು ಹುಲ್ಲು ತಂದ. ಅದೂ ಚಾಪೆಯ ಹಾಗೆ ಸುರುಳಿ ಸುತ್ತಿ, ಗೋಣಿಚೀಲ ಹೊದಿಸಿ, ಬಸುರಿಯನ್ನು ಕರೆತರುವ ಹಾಗೆ ಮೆಲ್ಲಗೆ ತಂದ.

ಯಾಕೆಂದು ಕೇಳಿ. ನನ್ನ ಮೊಮ್ಮಗಳು ಗೌರಿಗೆ ಆಗ ಒಂದೂವರೆ ವರ್ಷ. ಮಾತು ಬಂದಿತ್ತು, ಹಲ್ಲು ಬಂದಿದ್ದವು, ಕಚ್ಚುವುದು ಚೆನ್ನಾಗಿ ಬಂದಿತ್ತು. ನಡಿಗೆ ಮಾತ್ರ ಬಂದಿರಲಿಲ್ಲ. ನೆಲಕ್ಕಿಟ್ಟರೆ ಕಾಲು ಮಡಚಿ ಮೇಲಕ್ಕೆ ಎತ್ತಿಕೊಳ್ಳುತ್ತಿದ್ದಳು, ನೆಲವೆಲ್ಲ ಕೆಂಡವೋ ಎಂಬಂತೆ. ಓಣಿಯ ಹೆಂಗಸರು ಅಯ್ಯೋ ಪಾಪ ಎನ್ನಲು ಬಂದು, ಚಹಾ ಕುಡಿದು, "ಕಾಲಾಗ ಜೀವ ಐತಿಲ್ಲೋ ತೋರಿಸ್ರಿ ಯಕ್ಕಾ" ಎಂದು ಹೇಳಿ ಹೋಗುತ್ತಿದ್ದರು. ನಾನು ಅವರ ಎದುರು ನಗುತ್ತಿದ್ದೆ. ದಿನಾ ಬೆಳಿಗ್ಗೆ ಎಣ್ಣೆ ತಿಕ್ಕುವಾಗ ಮಾತ್ರ, ಸೊಸೆ ರೇಣುಕಾ ನೋಡದ ಹಾಗೆ, ಕೂಸಿನ ಹೆಬ್ಬೆರಳನ್ನು ಚಿವುಟಿ ನೋಡುತ್ತಿದ್ದೆ. ಕಾಲು ಹಿಂದಕ್ಕೆ ಎಳೆದುಕೊಂಡಳೆಂದರೆ ಅವತ್ತಿನ ಮಟ್ಟಿಗೆ ಜೀವ ತಣ್ಣಗಾಗುತ್ತಿತ್ತು.

ಹಾನಗಲ್ಲಿನ ಡಾಕ್ಟರು ಮುಟ್ಟಿ, ಬಗ್ಗಿಸಿ, ತಟ್ಟಿ ನೋಡಿ ಹೇಳಿದರು: "ಕೂಸಿಗೆ ಏನೂ ಆಗಿಲ್ಲ. ಎತ್ತಿಕೊಂಡು ತಿರುಗೂದು ಬಿಡ್ರಿ. ಬರಿಗಾಲಾಗ ನೆಲಕ್ಕ ಬಿಡ್ರಿ. ಹುಲ್ಲಿದ್ದರ ಇನ್ನೂ ಚಲೋ." ಇಷ್ಟು ಮಾತಿನಲ್ಲಿ ನನ್ನ ಮಗನ ಕಿವಿಗೆ ಬಿದ್ದದ್ದು ಹುಲ್ಲು ಒಂದೇ.

ಮನೆಯ ಮುಂದಿನ ಮೂರು ಗುಂಟೆ ಕಣವನ್ನು ಕೆದರಿಸಿದ. ನಮ್ಮದು ಕಪ್ಪು ಎರೆಮಣ್ಣು. ಅದು ಅವನಿಗೆ ಚೆಂದ ಕಾಣಲಿಲ್ಲ, ಟಿಪ್ಪರಿನಲ್ಲಿ ಕೆಂಪು ಮಣ್ಣು ಹೊಡೆಸಿದ. ಅದೇ ವಾರ ಊರ ರಸ್ತೆಗೆ ಡಾಂಬರು ಹಾಕಲು ರೋಡ್ ರೋಲರ್ ಬಂದಿತ್ತು. ಡ್ರೈವರನಿಗೆ ಮಂಡಕ್ಕಿ, ಮಿರ್ಚಿ ತಿನ್ನಿಸಿ ಅದನ್ನೂ ಒಳಗೆ ಕರೆದು ನೆಲದ ಮೇಲೆ ಆಡಿಸಿದ. ಅದರ ಮೇಲೆ ಹುಲ್ಲು ಹಾಸಿದ. ಮಗ ಲಾನ್ ಎನ್ನುತ್ತಿದ್ದ, ನಾನು ರಾಜ್ಯ ಹೆದ್ದಾರಿ ಎನ್ನುತ್ತಿದ್ದೆ. ಹಾಕಿದ ನೀರು ಇಳಿಯದೆ ಮೇಲೆಯೇ ನಿಂತಿತು. ಹುಲ್ಲು ಕಾಮಾಲೆ ಹಿಡಿದವರಂತೆ ಹಳದಿಯಾಗಿ, ತುದಿಗಳೆಲ್ಲ ಮುಳ್ಳಾದವು. ಗೌರಿಯನ್ನು ಅದರ ಮೇಲೆ ನಿಲ್ಲಿಸಲು ಹೋದರೆ, ಮೊದಲು ಗಂಟಲಲ್ಲಿ ಅಳುತ್ತಿದ್ದವಳು ಈಗ ಹೊಟ್ಟೆಯಿಂದ ಅಳತೊಡಗಿದಳು.

"ಯವ್ವಾ, ಇದಕ್ಕ ಎರಿಟರ್ ಬೇಕಾಗೇತಿ, ನೆಲಕ್ಕ ತೂತು ಹೊಡಿಯೂ ಯಂತ್ರ" ಎಂದ ಮಗ. ನನ್ನ ಕಿವಿಗೆ ಕೇಳಿದ್ದು ಹಾಗೆ.

ಎರಿ ಎಂದರೆ ನಮ್ಮ ಕಡೆ ಕಪ್ಪು ಹೊಲ. ಎರಿಹುಳ ಎಂದರೆ ಮಣ್ಣಿನ ಹುಳ. ಹೊಲದಲ್ಲಿ ಆ ಹುಳ ಮಾಡುವ ಕೆಲಸವನ್ನು ಟ್ರ್ಯಾಕ್ಟರಿಗೆ ಕಟ್ಟಿ ಮಾಡಿಸುವ ಯಂತ್ರವಿರಬೇಕು, ಎಷ್ಟು ಚೆಂದದ ಹೆಸರಿಟ್ಟಿದ್ದಾರೆ ಎಂದುಕೊಂಡೆ. ಮೂರು ಗುಂಟೆಗೆ ಟ್ರ್ಯಾಕ್ಟರ್ ಯಾಕೆ, ಒಂದು ಹಾರೆ ಕೊಡು, ನಾನೇ ಚುಚ್ಚುತ್ತೇನೆ ಎಂದೂ ಹೇಳಿದೆ. ಕೇಳಲಿಲ್ಲ. ಮೆಣಸಿನ ಗಿಡದ ಸಾಲಿನಲ್ಲಿ ಓಡಿಸುವ ಸಣ್ಣ ಟ್ರ್ಯಾಕ್ಟರೊಂದು ಮನೆಯಲ್ಲಿತ್ತು. ಅದು ಇರುವಾಗ ತಾಯಿ ಹಾರೆ ಹಿಡಿದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ?

ಎರಡು ತಿಂಗಳು ಮೊಬೈಲಿನಲ್ಲೇ ಸಂತೆ ಮಾಡಿದ. ಒಂದು ಯಂತ್ರ ನಮ್ಮ ಗೇಟಿಗಿಂತ ಅಗಲ. ಇನ್ನೊಂದು ನಮ್ಮ ಟ್ರ್ಯಾಕ್ಟರಿಗಿಂತ ಭಾರ, ಎತ್ತಲು ಹೋದರೆ ಮುಂದಿನ ಗಾಲಿಯೇ ಮೇಲೇಳುತ್ತದಂತೆ. ಒಬ್ಬ ವ್ಯಾಪಾರಿ ಫೋನಿನಲ್ಲಿ, "ಎಷ್ಟು ಎಕರೆ ಲಾನ್ ಸರ್?" ಎಂದು ಕೇಳಿದ. "ಮೂರು ಗುಂಟಿ" ಎಂದ ನನ್ನ ಮಗ. ಲೈನು ಕಟ್ಟಾಯಿತು. ಕೊನೆಗೆ ಎಲ್ಲಕ್ಕಿಂತ ಸೋವಿಯದೆಂದು ಈ ಮುಳ್ಳಿನ ಉರುಳೆಯನ್ನು ಗೊತ್ತು ಮಾಡಿದ. ಆ ಚಿತ್ರದಲ್ಲಿ ಚಡ್ಡಿ ಹಾಕಿದ ಒಬ್ಬ ಬಿಳಿಯ ಗೌಡ, ತಲೆಗೆ ಟೊಪ್ಪಿಗೆ, ಹಲ್ಲು ಕಿಸಿದು ಟ್ರ್ಯಾಕ್ಟರಿನ ಮೇಲೆ ಕುಳಿತಿದ್ದ. ಅವನ ನಗುವಿಗೇ ಮಗ ಮರುಳಾದನೆಂದು ನನ್ನ ಅನುಮಾನ.

ಕೊಳ್ಳುವ ಮುಂಚೆ ಸವಣೂರಿನ ಮಹಬೂಬಣ್ಣನನ್ನು ಒಂದು ಮಾತು ಕೇಳೋಣವೆಂದು ನಾನೇ ಹಟ ಹಿಡಿದು ಮಗನನ್ನು ಎಬ್ಬಿಸಿಕೊಂಡು ಹೋದೆ. ಮಹಬೂಬಣ್ಣನದು ವೆಲ್ಡಿಂಗ್ ಅಂಗಡಿ. ಅವನ ಅಪ್ಪ ನಮ್ಮ ಕೂರಿಗೆಗಳಿಗೆ ಕಬ್ಬಿಣ ಕಟ್ಟಿದವನು.

"ಮಹಬೂಬಣ್ಣಾ, ನನಗೊಂದು ಎರಿಟರ್ ಬೇಕಾಗಿತ್ತಪಾ."

ಅವನು ಕಪ್ಪು ಕನ್ನಡಕವನ್ನು ಹಣೆಗೇರಿಸಿದ. "ಏನ್ ಟರ್ರಿ ಯಕ್ಕಾ?"

"ಎರಿಟರ್. ಟ್ರ್ಯಾಕ್ಟರಿಗೆ ಕಟ್ಟೂದು. ಎರಿಹುಳದ ಕೆಲಸ ಮಾಡೂದು."

ಮಗ ನಾಚಿಕೆಯಿಂದ ಬೆವೆತುಹೋದ. "ಯವ್ವಾ, ಎರಿ ಅಲ್ಲ, ಏರ್, ಏರ್! ಏರ್ ಅಂದ್ರ ಗಾಳಿ!"

"ಗಾಳಿ ತರಾಕ ಯಂತ್ರ ಬೇಕೇನೋ? ನೀ ಎರಡು ತಿಂಗಳ ಬಿಟ್ಟದ್ದೆಲ್ಲಾ ಗಾಳಿನ ಅಲ್ಲೇನು?" ಎಂದೆ.

ಮಹಬೂಬಣ್ಣ ನಗಲಿಲ್ಲ. "ತಡೀರಿ. ಎರಿಹುಳ ಏನೇನ್ ಮಾಡತೈತಿ, ಹೇಳ್ರಿ ಯಕ್ಕಾ" ಎಂದ.

"ಅಷ್ಟೂ ಗೊತ್ತಿಲ್ಲೇನು ನಿನಗ? ನೆಲದಾಗ ಹೊಗತೈತಿ. ಮಣ್ಣು ತಿಂತೈತಿ. ಮ್ಯಾಲ ಬಂದು ಹಾಕತೈತಿ."

ಅವನು ಮಗನ ಮೊಬೈಲ್ ಇಸಿದುಕೊಂಡು ಆ ಮುಳ್ಳಿನ ಉರುಳೆಯನ್ನು ನೋಡಿದ. "ತಮ್ಮಾ, ಇದು ಬರೇ ಚುಚ್ಚತೈತಿ. ಚುಚ್ಚಿದ ಜಾಗಾದಾಗಿನ ಮಣ್ಣು ಎಲ್ಲಿಗೆ ಹೋಗಬೇಕು? ಆಜೂಬಾಜೂ ಒತ್ತಿ ಇನ್ನಷ್ಟು ಗಟ್ಟಿ ಆಕ್ಕೈತಿ. ನಿಮ್ಮವ್ವ ಹೇಳೂದು ಖರೇ. ಮಣ್ಣು ಮ್ಯಾಲ ಬರಬೇಕಂದ್ರ ಮುಳ್ಳು ಅಲ್ಲ, ಪೈಪ್ ಬೇಕು. ಒಳಗ ಟೊಳ್ಳು."

ಹಾಗೆ, ನನ್ನ ಕಿವಿ ತಪ್ಪಾಗಿ ಕೇಳಿದ್ದರಿಂದ ನಮಗೆ ಸರಿಯಾದ ಯಂತ್ರ ಸಿಕ್ಕಿತು. ಓದಿದವರು ಸರಿಯಾಗಿ ಕೇಳಿ ತಪ್ಪು ಯಂತ್ರ ಕೊಳ್ಳುತ್ತಾರೆ. ಯಾವುದು ಮೇಲು, ನೀವೇ ಹೇಳಿ.

ಮಹಬೂಬಣ್ಣ ಒಂದು ಹಳೆಯ ರಂಟೆಯ, ಅಂದರೆ ನೇಗಿಲಿನ, ಚೌಕಟ್ಟಿಗೆ ಉರುಳೆ ಕೂರಿಸಿದ. ಅಗಲ ಮೂರೇ ಅಡಿ. ಟೊಳ್ಳು ಪೈಪುಗಳ ಬಾಯಿಯನ್ನು ಓರೆಯಾಗಿ ಕೊಯ್ದು ಸಾಣೆ ಹಿಡಿದು, ಬೆಸೆಯದೆ ಬೋಲ್ಟಿನಲ್ಲಿ ಬಿಗಿದ. ಸವೆದದ್ದನ್ನು ಒಂದೊಂದಾಗಿ ಬದಲಿಸಬಹುದಲ್ಲ, ಅದಕ್ಕೆ. ಭಾರಕ್ಕೆ ಮೇಲೊಂದು ತಟ್ಟೆ, ಅದರಲ್ಲಿ ನಮ್ಮ ಹಿತ್ತಲಿನ ಒಡೆದ ಬೀಸುಕಲ್ಲು. "ಹಿಂದಿನ ದಿನ ನೆಲ ಚಲೋತ್ನಾಗಿ ತೋಯಿಸ್ರಿ" ಎಂದು ಹೇಳಿ ಕಳಿಸಿದ.

ತೋಯಿಸಿದೆವು. ಮರುದಿನ ಬೆಳಿಗ್ಗೆ ಮಗ ಟ್ರ್ಯಾಕ್ಟರ್ ಓಡಿಸಿದ. ರೇಣುಕಾ ಗೌರಿಯನ್ನು ಕಟ್ಟೆಯ ಪಕ್ಕ ಗೋಣಿಚೀಲದ ಮೇಲೆ ಕೂರಿಸಿ, ನೋಡಲು ನಿಂತಳು. ಯಂತ್ರ ಹೋದಲ್ಲೆಲ್ಲ ಬೆರಳು ಗಾತ್ರದ ಕೆಂಪು ಮಣ್ಣಿನ ಬತ್ತಿಗಳು ಹೊರಗೆ ಉದುರಿದವು. ಟ್ರ್ಯಾಕ್ಟರ್ ನಿಂತಾಗ ನೋಡಿದರೆ ಇಡೀ ಲಾನಿನ ಮೇಲೆ ಊರ ನಾಯಿಗಳೆಲ್ಲ ಒಟ್ಟಿಗೆ ಬಂದು ಹೋದ ಹಾಗಿತ್ತು.

"ಇವನ್ನ ಬಾಚಿ ತಗೀಬೇಕೇನ್ರಿ ಅತ್ತಿ?" ಎಂದಳು ಸೊಸೆ, ಮೂಗಿಗೆ ಸೆರಗು ಹಿಡಿದು.

"ಮುಟ್ಟಬ್ಯಾಡ! ಹಂಗ ಬಿಡಬೇಕು, ತಾವ ಕರಗತಾವು, ಮೊಬೈಲದಾಗ ಐತಿ" ಎಂದ ಮಗ.

"ಮೊಬೈಲದಾಗ ರೋಡ್ ರೋಲರ್ ಹೊಡೀ ಅಂತನೂ ಇತ್ತೇನು?" ಎಂದೆ ನಾನು.

ಮೂವರೂ ಕೈ ಬೀಸಿ ಜಗಳಕ್ಕೆ ನಿಂತೆವು. ಜಗಳದ ನಡುವೆ ಮಗನ ಮಾತು ಅರ್ಧಕ್ಕೇ ನಿಂತಿತು. ತಿರುಗಿ ನೋಡಿದೆ. ಗೌರಿ ಕಟ್ಟೆ ಹಿಡಿದು ಎದ್ದು ನಿಂತಿದ್ದಳು. ಅವಳ ಕಣ್ಣು ಆ ಮಣ್ಣಿನ ಬತ್ತಿಗಳ ಮೇಲಿತ್ತು. ಸವಣೂರು ಖಾರದ, ಆ ಕರಿದ ಕಡ್ಡಿ ತಿಂಡಿಯ, ರುಚಿ ಕಂಡ ಕೂಸು, ಇಷ್ಟೊಂದು ಖಾರ ಯಾರೋ ನನಗೇ ಸುರಿದಿದ್ದಾರೆ ಎಂದುಕೊಂಡಿತೋ ಏನೋ. ಕಟ್ಟೆಯಿಂದ ಕೈ ಬಿಟ್ಟಳು. ಒಂದು ಕಾಲು ಇಟ್ಟಳು. ಓಲಾಡಿದಳು. ಇನ್ನೊಂದು ಇಟ್ಟಳು. ಎಷ್ಟು ಹೆಜ್ಜೆ ಎಂದು ಕೇಳಬೇಡಿ. ಮಂಜುನಾಥ ಒಂಬತ್ತು ಎನ್ನುತ್ತಾನೆ, ರೇಣುಕಾ ಆರು ಎನ್ನುತ್ತಾಳೆ, ಇವತ್ತಿಗೂ ಗಂಡಹೆಂಡಿರಿಗೆ ಅದೇ ಜಗಳ. ನನ್ನ ಕಣ್ಣು ಮಂಜಾಗಿ ನಾನು ಎಣಿಸಲೇ ಇಲ್ಲ.

ದೊಪ್ಪನೆ ಕುಳಿತು, ಒಂದು ಬತ್ತಿ ಎತ್ತಿ ನೇರ ಬಾಯಿಗಿಟ್ಟಳು. "ಅಯ್ಯ, ಮಣ್ಣು, ಮಣ್ಣು!" ಎಂದು ಸೊಸೆ ಓಡಿದಳು. ನಾನು ಅವಳ ಸೆರಗು ಹಿಡಿದು ಜಗ್ಗಿದೆ. "ತಿನ್ನಲಿ ಬಿಡ ನಮ್ಮವ್ವಾ, ದುಡದು ತಿನ್ನಾಕತ್ತೈತಿ!"

ಇದನ್ನೆಲ್ಲ ಮಾಸ್ತರರಿಗೂ ಹೀಗೆಯೇ ಹೇಳಿದೆ. ಮುಳ್ಳಿನದು ಬೇಡ, ಟೊಳ್ಳು ಪೈಪಿನದು ತಗೊಳ್ಳಿ, ಮೊದಲು ಗೇಟಿನ ಅಗಲ ಅಳೆಯಿರಿ, ಆಮೇಲೆ ಯಂತ್ರದ ಚಿತ್ರ ನೋಡಿ ಎಂದೆ. ಅವರು ಎಲ್ಲವನ್ನೂ ಬರೆದುಕೊಂಡರು. ಪೆನ್ನು ಎತ್ತಿ ಹಿಡಿದು, "ಅವ್ವಾರ, ಆಮ್ಯಾಲ ಹುಲ್ಲು ಹಸಿರಾಗಾಕ ಎಷ್ಟು ದಿನಾ ಹಿಡೀತು?" ಎಂದು ಕೇಳಿದರು.

"ಯಾರಿಗೆ ಗೊತ್ತರಿ ಮಾಸ್ತರ? ಅವತ್ತಿನಿಂದ ಈ ಮನ್ಯಾಗ ಹುಲ್ಲು ನೋಡಿದಾವರು ಯಾರು?" ಎಂದೆ.

ಅವರು ನಕ್ಕು, ವಹಿ ಮಡಚಿ ಜೇಬಿಗಿಟ್ಟು ಎದ್ದರು. ಗೇಟಿನ ಹತ್ತಿರ ಹೋಗಿ ಗಕ್ಕನೆ ನಿಂತರು. ಅಂಗನವಾಡಿಯಿಂದ ಬಂದ ಗೌರಿ ಅವರ ಬೈಕು ಹತ್ತಿ, ಹ್ಯಾಂಡಲ್ ಹಿಡಿದು ಬಾಯಲ್ಲೇ ಡುರ್ ಡುರ್ ಎಂದು ಓಡಿಸುತ್ತಿದ್ದಳು.

"ಇಳಿಯವ್ವಾ" ಎಂದರು ಮಾಸ್ತರರು. ಅವಳು ತಿರುಗಿಯೂ ನೋಡಲಿಲ್ಲ.

ನಾನು ಕಟ್ಟೆಯ ಮೇಲಿಂದಲೇ ಕೂಗಿದೆ: "ಎತ್ತಿ ಇಳಸ್ರಿ ಮಾಸ್ತರ. ಆದ್ರ ಹುಷಾರ್, ಕಾಲು ನೆಲಕ್ಕ ಹತ್ತಿದ ಕೂಡ್ಲೇ ಕೈ ಬಿಟ್ಟುಬಿಡ್ರಿ. ಇಲ್ಲಂದ್ರ ನಿಮ್ಮನ್ನೂ ಜಗ್ಗಿಕೊಂಡು ಓಡತಾಳ!"