ಪ್ರಭಾಕರಣ್ಣನ ಕಿವಿ ಕೆಟ್ಟಿರಲಿಲ್ಲ

ಸುಳ್ಳು ಹೇಳಿದವನು ನಾನು. ಪ್ರಭಾಕರಣ್ಣನ ಕಿವಿ ಕೈಕೊಟ್ಟಿದೆ ಎಂದು ಅವರನ್ನೇ ನಂಬಿಸಿ, ಅವರ ಕೈಯಿಂದ ಗಿಟಾರ್ ಬಿಡಿಸಿ, ಆಮೇಲೆ ವರ್ಷಗಟ್ಟಲೆ ಅವರ ಪಕ್ಕದಲ್ಲೇ ನಿಂತು ಚಪ್ಪಾಳೆ ಗಿಟ್ಟಿಸಿದೆ. ಹೋದ ತಿಂಗಳು ಮಡಗಾಂವಿನ ಸಭಾಗೃಹದಲ್ಲಿ ನೀವೆಲ್ಲ ಎದ್ದು ನಿಂತು ಯಾರಿಗಾಗಿ ಚಪ್ಪಾಳೆ ತಟ್ಟಿದಿರೋ, ಆ ಕೀಬೋರ್ಡಿನ ರಮೇಶ ನಾನೇ. ತಟ್ಟಬಾರದಿತ್ತು.

ಗೋವೆಯ ನಮ್ಮ ಕನ್ನಡ ಬಳಗದ ಸಂಚಿಕೆಗೆ ‘ಪ್ರಭಾಕರಣ್ಣ ಮತ್ತೆ ಗಿಟಾರ್ ಹಿಡಿದ ಕಥೆ’ ಬರೆದುಕೊಡಿ ಎಂದು ಕೇಳಿದ್ದರು. ಅವರು ಬಯಸಿದ ಕಥೆ ಇದಲ್ಲ — ಆದರೆ ನಡೆದದ್ದು ಇದು.

ಗೋವೆಯ ಕನ್ನಡದವರಿಗೆ ಪ್ರಭಾಕರಣ್ಣನ ಪರಿಚಯ ಹೇಳಬೇಕಾಗಿಲ್ಲ. ಹೊಸದಾಗಿ ಬಂದವರಿಗಾಗಿ ಹೇಳುತ್ತೇನೆ: ಬೆಳಗಾವಿ ಕಡೆಯ ವ್ಯಾಪಾರಸ್ಥರ ಮನೆತನ, ಫೋಂಡಾದಲ್ಲಿ ಬಟ್ಟೆ ಅಂಗಡಿ. ಪಕ್ಕದ ಮನೆಯ ಮುದುಕನೊಬ್ಬ ಕಲಿಸಿದ ಗಿಟಾರಿನ ಮೇಲೆ ತಾವೇ ಕಟ್ಟಿದ ಕನ್ನಡ ಹಾಡುಗಳನ್ನು ಹಾಡುತ್ತಿದ್ದರು. ತಬಲಾ ಇಲ್ಲ, ಹಾರ್ಮೋನಿಯಂ ಇಲ್ಲ, ಒಬ್ಬರೇ. ಚೋರ್ಲಾ ಘಾಟಿನ ಬಸ್ಸಿಗೆ ಕೈ ಮಾಡಿ ನಿಂತ ಬಾಣಂತಿಯ ಹಾಡು, ಸಾವರ್ಡೆಯ ಗಣಿಯ ಕೆಂಪು ಧೂಳು ಹೊತ್ತ ಲಾರಿ ಚಾಲಕನ ಹಾಡು. ಚಿಂಬಲ್‌ನ ಕನ್ನಡದ ಕೂಲಿಗಳ ಓಣಿಗಳಲ್ಲಿ ಭಾನುವಾರ ಸಂಜೆ ಅವರು ಕಟ್ಟೆಯ ಮೇಲೆ ಕೂತರೆ, ಸಿಮೆಂಟಿನ ಕೈ ತೊಳೆಯದೆಯೇ ಜನ ಬಂದು ಸುತ್ತ ಕೂರುತ್ತಿದ್ದರು. ನಾನೂ ಹಾಗೇ ಕೂತವನು. ಧಾರವಾಡ ಬಿಟ್ಟು ಕೊರ್ಲಿಮ್‌ನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದೆ, ಬಿಡುವಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಮೊದಲ ಸಲ ಕೇಳಿದ ದಿನ ಅತ್ತಿದ್ದೆ. ಇಂಥವರ ಪಕ್ಕ ಒಂದು ದಿನ ನಿಲ್ಲಬೇಕು ಎಂದುಕೊಂಡಿದ್ದೆ — ನಿಂತೆನಲ್ಲ, ಹೇಗೆ ನಿಂತೆ ನೋಡಿ.

ಅವರದೊಂದು ಪದ್ಧತಿ ಇತ್ತು. ವೇದಿಕೆಯ ಮೇಲೆ ಗಿಟಾರ್ ಶ್ರುತಿ ಮಾಡುತ್ತಿರಲಿಲ್ಲ. ಮನೆಯಲ್ಲೇ, ಊದಿದರೆ ಒಂದೇ ಸ್ವರ ಕೊಡುವ ಪುಟ್ಟ ಪೀಪಿ ಹಿಡಿದು ತಂತಿಗಳನ್ನು ಸೇರಿಸಿಕೊಂಡು ಬರುತ್ತಿದ್ದರು. “ಊಟಕ್ಕ ಕರದು ಮಂದಿ ಮುಂದ ಅಕ್ಕಿ ಆರಸ್ತಾರೇನು?” ಎಂದು ನಗುತ್ತಿದ್ದರು. ವೇದಿಕೆ ಹತ್ತಿದರೆ ನೇರ ಹಾಡು. ಈ ಪದ್ಧತಿಯೇ ಅವರಿಗೆ ಮುಳುವಾಯಿತು. ಅಲ್ಲ — ನಾನು ಮುಳುವಾದೆ. ಪದ್ಧತಿಯ ಮೇಲೆ ಹಾಕುವುದು ಬೇಡ.

ಅಂದು ರಾಜ್ಯೋತ್ಸವದ ಕಾರ್ಯಕ್ರಮ. ಬಳಗದವರು ಸ್ವಲ್ಪ ಹೊಸತನ ಇರಲಿ ಎಂದು ನನ್ನನ್ನು ಕೀಬೋರ್ಡ್‌ಗೆ ಕರೆದಿದ್ದರು. ಅವರ ಜೊತೆ ನನ್ನ ಮೊದಲ ಸಲ. ಹಿಂದಿನ ಸಂಜೆ ನಾನು ಒಂದು ತಿಯಾತ್ರದಲ್ಲಿ, ಅಂದರೆ ಇಲ್ಲಿನ ಕೊಂಕಣಿ ಹಾಡು-ನಾಟಕದಲ್ಲಿ, ನುಡಿಸಿ ಬಂದಿದ್ದೆ. ಆ ತಂಡದ ಟ್ರಂಪೆಟ್‌ನವರ ಶ್ರುತಿ ಒಂದೆಳೆ ಮೇಲಿತ್ತು. ಅವರಿಗೆ ಹೊಂದಲಿ ಎಂದು ನನ್ನ ಕೀಬೋರ್ಡಿನ ಶ್ರುತಿಯನ್ನು ಏರಿಸಿದ್ದೆ. ಒಮ್ಮೆ ಏರಿಸಿದರೆ ಸ್ವಿಚ್ ಆರಿಸಿದರೂ ಹಾಗೇ ಉಳಿಯುವ ಯಂತ್ರ ಅದು, ನಾವೇ ನೆನಪಿಟ್ಟು ಇಳಿಸಬೇಕು. ಮರೆತೆ.

ಪಲ್ಲವಿಯನ್ನು ಅವರು ಗಿಟಾರ್ ಮೇಲೆ ಒಬ್ಬರೇ ಹಾಡಿದರು. ಮೊದಲು ಶ್ರುತಿ ಕೂಡಿಸಿ ನೋಡದೆಯೇ ನಾನು ನಡುವೆ ಸೇರಿಕೊಂಡೆ. ಸೇರಿಕೊಂಡ ಕ್ಷಣವೇ ಹಲ್ಲು ಚುಳ್ಳೆಂದಿತು. ಅಯ್ಯೋ, ಅವರ ಶ್ರುತಿ ಒಂದು, ನನ್ನದು ಇನ್ನೊಂದು! ಪ್ರಭಾಕರಣ್ಣ ತಿರುಗಿ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ತಮ್ಮ ತಂತಿಯೇ ಜಾರಿರಬೇಕೆಂದು ಗಿಟಾರ್ ನುಡಿಸುವುದನ್ನು ನಿಲ್ಲಿಸಿ, ನನ್ನ ಕೀಬೋರ್ಡಿಗೆ ದನಿ ಹೊಂದಿಸಲು ನೋಡಿದರು. ದನಿ ಕೇಳಲಿಲ್ಲ. ಅಷ್ಟು ವರ್ಷ ಒಂದೇ ಶ್ರುತಿಯಲ್ಲಿ ಪಳಗಿದ ಗಂಟಲು, ಮತ್ತೆ ಮತ್ತೆ ತನ್ನ ಜಾಗಕ್ಕೇ ಹೋಗುತ್ತಿತ್ತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಾಡು ಹೇಗೋ ಮುಗಿಯಿತು. ಆ ನಗು ನನ್ನದಾಗಬೇಕಿತ್ತು, ಅವರ ಪಾಲಿಗೆ ಹೋಯಿತು. ನಾನು ಸುಮ್ಮನೆ ಬಿಟ್ಟುಕೊಟ್ಟೆ.

ಇಷ್ಟೇ ಆಗಿದ್ದರೆ ಇದು ಮರೆವು. ಯಾರಿಗಾದರೂ ಆಗುವಂಥದ್ದು. ಕೇಳಿ, ಪಾಪ ಆಮೇಲಿನದು.

ಪರದೆ ಬಿದ್ದ ಕೂಡಲೇ, ಅವರು ನನ್ನ ಕಡೆ ಬರುವ ಮೊದಲೇ, ನಾನು ಆ ಶ್ರುತಿಯನ್ನು ಇಳಿಸಿಬಿಟ್ಟೆ. ಕೈ ತಾನಾಗಿ ಹೋಯಿತು ಎಂದು ಬರೆಯಲು ಹೊರಟಿದ್ದೆ — ಇಲ್ಲ, ಕೈ ತಾನಾಗಿ ಹೋಗುವುದಿಲ್ಲ. ನಾನೇ ಒತ್ತಿದೆ. ಪ್ರಭಾಕರಣ್ಣ ಬೆವರು ಒರೆಸಿಕೊಳ್ಳುತ್ತ ಬಂದು, ಷಡ್ಜ ಒತ್ತು ಎಂದರು. ಒತ್ತಿದೆ. ಗಿಟಾರ್ ಮೀಟಿದರು. ಎರಡೂ ಒಂದೇ. ಹೊಂದಿಕೊಂಡು ಕೂತವು. ಅವರ ಮುಖದ ಬಣ್ಣವೇ ಇಳಿದುಹೋಯಿತು.

“ರಮೇಶಾ, ಖರೇ ಹೇಳು. ಆಗ ಎರಡು ಶ್ರುತಿ ಕೇಳಾಕತ್ತಿದ್ವಲ್ಲೋ?”

ನಾನು ಹೇಳಿದೆ: “ಎರಡು ಇದ್ದಿದ್ದಿಲ್ರಿ ಅಣ್ಣಾರ. ನಿಮಗ ಹಂಗ ಕೇಳ್ಸೇತಿ. ವಯಸ್ಸಾತಲ್ರಿ.”

ವಯಸ್ಸಾತಲ್ರಿ! ಆಗ ಅವರಿಗೆ ನನ್ನ ಈಗಿನ ವಯಸ್ಸೂ ಆಗಿರಲಿಲ್ಲ. ಬಳಗದವರ ಮುಂದೆ ಮೊದಲ ದಿನವೇ ದಡ್ಡ ಅನ್ನಿಸಿಕೊಳ್ಳಬಾರದು ಎಂಬ ಒಂದೇ ಆಸೆಗೆ ಅಷ್ಟು ದೊಡ್ಡ ಮಾತು ಆಡಿದೆ. ಅವರು ನನ್ನ ಭುಜ ತಟ್ಟಿ, “ಚಲೋ ಮಾಡಿದಿ ಹೇಳಿ” ಎಂದು ಗಿಟಾರನ್ನು ಚೀಲಕ್ಕೆ ಹಾಕಿದರು. ನಾಳೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಆಮೇಲೆ ಅಂದುಕೊಳ್ಳುವುದನ್ನೂ ಬಿಟ್ಟೆ.

ಅವರು ಪಣಜಿಯ ಕಿವಿ ಡಾಕ್ಟರರ ಬಳಿ ಹೋಗಿಬಂದರು. ಡಾಕ್ಟರರು ಏನೂ ದೋಷವಿಲ್ಲ ಎಂದರಂತೆ. ಇವರು ನಂಬಲಿಲ್ಲ. “ಡಾಕ್ಟರಗ ಸಪ್ಪಳ ಗೊತ್ತು, ಶ್ರುತಿ ಏನ್ ಗೊತ್ತೈತಿ” ಎಂದು ನನ್ನ ಹತ್ತಿರವೇ ಹೇಳಿದರು. ಡಾಕ್ಟರರನ್ನು ಬಿಟ್ಟು ನನ್ನನ್ನು ನಂಬಿದರು. ಅಲ್ಲಿಂದ ಅವರ ಹಾಡೆಲ್ಲ ನನ್ನ ಕೈಗೆ ಬಂತು. ಪದ ಅವರದು, ಉಳಿದದ್ದೆಲ್ಲ ನನ್ನದು — ತಾಳದ ಯಂತ್ರ, ಮೊದಲೇ ಧ್ವನಿಮುದ್ರಿಸಿಟ್ಟ ವಾದ್ಯ, ದನಿಯನ್ನು ತಿದ್ದುವ ಸಾಧನ. ಬಾಣಂತಿಯ ಹಾಡಿಗೆ ಮಕ್ಕಳು ಕುಣಿದರು. ಜನ ಸೇರಿದರು, ನನಗೆ ‘ಸಂಗೀತ ನಿರ್ದೇಶಕ’ ಎಂಬ ಹೆಸರು ಬಂತು. ಪ್ರಭಾಕರಣ್ಣ ಮೈಕ್ ಹಿಡಿದು ನನ್ನ ಕಡೆ ನೋಡುತ್ತ ನಿಲ್ಲುತ್ತಿದ್ದರು. ನಾನು ಬೆರಳು ಎತ್ತಿದರೆ ದನಿ ಏರಿಸುವುದು, ಇಳಿಸಿದರೆ ಇಳಿಸುವುದು. ಅಂಥ ಹಾಡುಗಾರ ನನ್ನ ಬೆರಳು ನೋಡಿ ಹಾಡುತ್ತಿದ್ದ! ನನಗೆ ಆಗ ನಾಚಿಕೆಯಾಗಲಿಲ್ಲ, ಹೆಮ್ಮೆಯಾಗುತ್ತಿತ್ತು.

ವರ್ಷಗಳು ಕಳೆದಂತೆ ನನ್ನ ಸುಳ್ಳನ್ನು ನಾನೇ ನಂಬಿಬಿಟ್ಟಿದ್ದೆ. ಪಾಪ, ಅಣ್ಣಾರ ಕಿವಿ ಮೊದಲಿನ ಹಾಗಿಲ್ಲ ಎಂದು ಬೇರೆಯವರಿಗೂ ಹೇಳಿಕೊಂಡು ತಿರುಗಿದೆ. ಆದ್ದರಿಂದಲೇ ಈ ವರ್ಷ ಅವರು ಫೋನ್ ಮಾಡಿ, “ಬ್ಯಾಸರ ಮಾಡ್ಕೋಬ್ಯಾಡೋ. ಈ ಸರ್ತಿ ನಿನ್ನ ಮಷೀನ್ ಬ್ಯಾಡ. ಹಳೇದ್ರಂಗ ನಾ ಒಬ್ನ, ಗಿಟಾರ್ ಒಂದ” ಎಂದಾಗ, ನನಗೆ ಅವರ ಮೇಲೆ ಕನಿಕರ ಬಂತು. ಮುದುಕ ನಗೆಪಾಟಲಾಗುತ್ತಾನೆ ಎಂದುಕೊಂಡು ಮಡಗಾಂವಿನ ಸಭಾಗೃಹದ ಹಿಂದಿನ ಸಾಲಿನಲ್ಲಿ ಕೂತೆ.

ಮೊದಲ ಮೀಟಿಗೇ ನಾನು ಕುರ್ಚಿಯ ತುದಿಗೆ ಸರಿದೆ.

ಶ್ರುತಿ ಎಂದರೆ ಶ್ರುತಿ. ಒಂದೆಳೆ ಆಚೆ ಇಲ್ಲ, ಈಚೆ ಇಲ್ಲ. ದನಿ ಮುಪ್ಪಾಗಿತ್ತು, ತುದಿಯಲ್ಲಿ ನಡುಗುತ್ತಿತ್ತು, ಆದರೆ ಇಟ್ಟ ಜಾಗ ಬಿಟ್ಟು ಕದಲಲಿಲ್ಲ. ಬಾಣಂತಿಯ ಹಾಡು ತನ್ನ ಮೊದಲಿನ ನಿಧಾನಕ್ಕೆ ಮರಳಿತ್ತು. ಪಕ್ಕದ ಹೆಂಗಸು ಕಣ್ಣೊರೆಸಿಕೊಂಡಳು. ನನಗೆ ಅಳು ಬರಲಿಲ್ಲ. ಈ ಮನುಷ್ಯನಿಗೆ ಎಂದೂ ಏನೂ ಆಗಿರಲಿಲ್ಲ! ನನಗೆ ಗೊತ್ತಿತ್ತಲ್ಲ — ಗೊತ್ತಿದ್ದೂ ಮರೆತು ಕೂತಿದ್ದೆನಲ್ಲ!

ಆಮೇಲೆ ಅವರು ಮೈಕ್ ಹತ್ತಿರ ಬಂದು ಹೇಳಿದ್ದನ್ನು ನೀವೂ ಕೇಳಿದ್ದೀರಿ. “ನನ್ನ ಕಿವಿ ಹೋದಾಗ ನೀವೆಲ್ಲಾ ಸಂಕೋಚಕ್ಕ ಸುಮ್ನಿದ್ರಿ. ಖರೇ ಹೇಳಿದಾಂವ ಹಿಂದ ಕುಂತ ಈ ರಮೇಶನೊಬ್ಬ. ಅವತ್ತು ಇಂವ ಹೇಳ್ಲಿಲ್ಲಂದ್ರ ನಾ ಇಷ್ಟು ಸಾಧನಾ ಮಾಡ್ತಿದ್ದಿಲ್ಲ.” ನನ್ನನ್ನು ಮೇಲೆ ಕರೆಸಿ, ತಮಗೆ ಹೊದಿಸಿದ ಶಾಲನ್ನೇ ತೆಗೆದು ನನಗೆ ಹೊದಿಸಿದರು. ನೀವೆಲ್ಲ ಎದ್ದು ನಿಂತಿರಿ. ನಾನು ಕೈ ಮುಗಿದೆ. ಆಗಲೂ ಬಾಯಿ ಬಿಡಲಿಲ್ಲ.

ಮರುದಿನ ಬೆಳಗ್ಗೆ ಫೋಂಡಾಕ್ಕೆ ಹೋದೆ. ವೈನಿ, ಅಂದರೆ ಪ್ರಭಾಕರಣ್ಣನ ಹೆಂಡತಿ, ಬಾಗಿಲು ತೆರೆದು, “ಬಾರಪಾ, ಚಹಾ ಮಾಡ್ತೇನಿ. ಸಪ್ಪಳ ಮಾಡಬ್ಯಾಡ, ಗಿಟಾರ್ ಶ್ರುತಿ ಹಚ್ಚಾಕತ್ತಾರ” ಎಂದರು. ಒಳಗಿನ ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆ.

ಅವರು ಕಿವಿಗಳಲ್ಲಿ ಹತ್ತಿ ತುರುಕಿಕೊಂಡಿದ್ದರು. ಕಣ್ಣು ಮುಚ್ಚಿ, ಬಗ್ಗಿ, ಗಿಟಾರಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ತಂತಿ ಮೀಟುತ್ತಿದ್ದರು. ಕಚ್ಚಿ ಕಚ್ಚಿ ಅಲ್ಲಿ ಬಣ್ಣ ಹೋಗಿ ಕಟ್ಟಿಗೆ ಬಿಳಿಚಿತ್ತು, ಗುಳಿ ಬಿದ್ದಿತ್ತು. ನನಗೆ ಏನು ನೋಡುತ್ತಿದ್ದೇನೆಂದೇ ತಿಳಿಯಲಿಲ್ಲ.

ವೈನಿ ಪಿಸುಗುಟ್ಟಿದರು: “ತಂತಿ ನಡುಗೂದು ಹಲ್ಲಿಗೆ ಹತ್ತಿ ಶ್ರುತಿ ತಿಳೀತೈತಂತ. ಕಿವಿ ಮ್ಯಾಲ ಭರೋಸಾ ಇಲ್ಲ ಅಂತಾರ. ಮಂದಿ ಮುಂದ ಗಿಟಾರ್ ಬಿಟ್ರೂ ಇದನ್ನ ಬಿಟ್ಟಿಲ್ಲ ನೋಡು, ದಿನಾ ಮುಂಜಾನೆ. ಎರಡು ಹಲ್ಲ ಅಳ್ಳಾಡಾಕತ್ತಾವ. ಮಗಳು ಕಲಸು ಅಪ್ಪಾ ಅಂತ ಬಂದ್ರ, ಕಿವಿ ಇಲ್ಲದಾಂವ ಏನ್ ಕಲಸ್ಲಿ ಅಂತ ತಿರುಗಿ ಕಳಿಸಿದ್ರು. ಆಕಿ ಹಾಡೂದ ಬಿಟ್ಲು.”

ಇದೇನಿದು — ಒಂದು ಸುಳ್ಳಿಗೆ ಇಷ್ಟೊಂದು? ಸಾಧನೆ ಎಂದು ಅವರು ವೇದಿಕೆಯ ಮೇಲೆ ಹೇಳಿದ್ದು ಇದನ್ನೇ? ದೇವರೇ.

ಚಹಾ ಬರುವ ಮೊದಲೇ ಹೇಳಿದೆ. ನಿಂತೇ ಹೇಳಿದೆ. ತಿಯಾತ್ರ, ಟ್ರಂಪೆಟ್, ಏರಿಸಿದ್ದು, ಮರೆತದ್ದು, ಪರದೆಯ ಹಿಂದೆ ಇಳಿಸಿದ್ದು, ಎಲ್ಲ. ಅವರು ಹತ್ತಿ ತೆಗೆದು ಕೈಯಲ್ಲಿ ಹಿಡಿದು ಕೇಳಿದರು.

“ಅವತ್ತು ಎರಡು ಇದ್ವು?”

“ಇದ್ವರಿ ಅಣ್ಣಾರ.”

“ನಾ ಕೇಳಿದ್ದು ಖರೇನ ಇತ್ತು?”

“ಖರೇನ ಇತ್ರಿ.”

ಬೈಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೂ ತಿನ್ನುತ್ತಿದ್ದೆ. ಅವರು ಎರಡೂ ಕಿವಿಗಳನ್ನು ಅಂಗೈಯಿಂದ ಮುಟ್ಟಿಕೊಂಡರು. “ಇಷ್ಟು ವರ್ಷ ಇವಕ್ಕ ಬೈಕೋಂತ ಬಂದೆನಲ್ಲೋ ರಮೇಶಾ,” ಎಂದರು. ಅಷ್ಟೇ. ಬೈದವರು ವೈನಿ. “ನಿನ್ನ ಬಾಯಾಗ ಮಣ್ಣ ಹಾಕ! ನನ್ನ ಮಗಳ ಹಾಡು ಎಲ್ಲಿಂದ ತಂದು ಕೊಡ್ತಿ ಈಗ?” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

ಹೊರಡುವಾಗ ಪ್ರಭಾಕರಣ್ಣ ತಲೆಯೆತ್ತದೆ ಹೇಳಿದರು: “ಮಂದಿ ಮುಂದ ಶಾಲು ಹೊಚ್ಚಿಸ್ಕೊಂಡಿ. ಮಂದಿ ಮುಂದ ಹೇಳು.” ಅದಕ್ಕೇ ಇಷ್ಟೂ ಬರೆದೆ. ಕ್ಷಮಿಸಿ ಎಂದು ಅವರನ್ನು ಕೇಳಿಲ್ಲ, ನಿಮ್ಮನ್ನೂ ಕೇಳುವುದಿಲ್ಲ. ಅವರ ಮಗಳ ಮನೆಗೂ ಹೋಗಿ ಹೇಳಬೇಕು. ಅದು ಇನ್ನೂ ಆಗಿಲ್ಲ, ಹೋಗುತ್ತೇನೆ.

ಅಂದು ಗೇಟು ದಾಟುವಾಗ ಒಳಗಿನಿಂದ ಗಿಟಾರ್ ಕೇಳಿತು. ಒಂದೇ ತಂತಿ. ಕಿಟಕಿಯಲ್ಲಿ ಕಂಡಿತು, ಗಿಟಾರನ್ನು ಕಚ್ಚದೆ ಬರಿಯ ಕಿವಿಯಿಂದ ಸೇರಿಸಲು ನೋಡುತ್ತಿದ್ದರು. ಮೀಟುವರು, ನಿಲ್ಲಿಸುವರು. ಸರಿಯಾಗಿಯೇ ಕೂತಿದ್ದ ತಂತಿಯನ್ನು ಮತ್ತೆ ಸಡಿಲಿಸುವರು. “ಇದು ಸರಿ ಐತೇನ?” ಎಂದು ವೈನಿಯನ್ನು ಕೇಳಿದರು. ಅವರು, “ನನಗೇನ್ ತಿಳೀತೈತ್ರಿ” ಎಂದರು. ಸರಿಯಾಗಿತ್ತು. ಸರಿ ಇದೆ ಅಣ್ಣಾರೇ ಎಂದು ಅಲ್ಲಿಂದಲೇ ಕೂಗಬೇಕೆನಿಸಿ ಬಾಯಿ ತೆರೆದೆ — ನನ್ನ ಮಾತನ್ನು ಅವರು ಇನ್ನು ಏಕೆ ನಂಬಬೇಕು?